ಚೀಟಿ ಊರಲ್ಲಿ, ಅಡುಗೆಮನೆ ಬೆಂಗಳೂರಲ್ಲಿ

ಪ್ರಶ್ನೆ: ನಮ್ಮ ಮನೆಗೆಲಸದವರು ರಾಯಚೂರಿನವರು. ಬಿಪಿಎಲ್ ಚೀಟಿ ಅಲ್ಲಿಯದೆಂದು ಇಲ್ಲಿಯ ಅಂಗಡಿಯವರು ಅಕ್ಕಿ ಕೊಡುತ್ತಿಲ್ಲ. ಮೂರು ವರ್ಷದ ಮಗುವಿದೆ. ನಾನು ದಿನಸಿ ಕೊಡಿಸಿದರೆ ಸಾಕೇ?

ವಕೀಲರ ಉತ್ತರ: ಈ ತಿಂಗಳು ಖಂಡಿತ ಕೊಡಿಸಿ; ಹಸಿವು ಅರ್ಜಿ ವಿಲೇವಾರಿಗೆ ಕಾಯುವುದಿಲ್ಲ. ಆದರೆ ಅವರಿಗೆ ಹಕ್ಕಿನ ಅಕ್ಕಿಯಿದೆ. ಆ ಚೀಟಿಗೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಪಡಿತರ ಪಡೆಯಬಹುದು. ಸಂಬಳ ಕಡಿಯದೆ ಅರ್ಧ ದಿನ ರಜೆ ಕೊಟ್ಟು ನೀವೇ ಜೊತೆಗೆ ಹೋಗಿ. ನಿಮ್ಮ ಹಣಕ್ಕಿಂತ ಈ ಅರ್ಧ ದಿನವೇ ಅವರಿಗೆ ದೊಡ್ಡ ನೆರವು. ಆಧಾರ್ ಜೋಡಣೆ, ಇ-ಕೆವೈಸಿ ಆಗಿದೆಯೇ ಮೊದಲು ನೋಡಿ. ಊರಿನಲ್ಲಿ ಮನೆಯವರು ಅದೇ ಚೀಟಿಯ ಅಕ್ಕಿ ಪಡೆಯುತ್ತಿದ್ದಾರೆಯೇ ಎಂದೂ ಕೇಳಿಕೊಳ್ಳಿ. ಆಮೇಲೂ ನಿರಾಕರಿಸಿದರೆ 1967ಕ್ಕೆ ಕರೆ ಮಾಡಿ, ಆಹಾರ ಇಲಾಖೆಗೆ ಲಿಖಿತ ದೂರು ಕೊಡಿ. ಮಗುವನ್ನು ಅಂಗನವಾಡಿಗೆ ಸೇರಿಸಿ. 2013ರ ಆಹಾರ ಭದ್ರತಾ ಕಾಯ್ದೆಯಡಿ ಊಟ ಉಚಿತ. ದೂರಿಗೂ ಉತ್ತರ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ವಕೀಲರ ನೆರವು ಉಚಿತ.