ಹೊಳೆಯ ನೀರು ಮತ್ತು ಶಾಸನದ ಮಾತು

‘ಗಂಗಾಸ್ನಾನ, ತುಂಗಾಪಾನ’ ಎಂಬ ಗಾದೆ ಶಿವಮೊಗ್ಗೆಯ ಮಕ್ಕಳಿಗೆ ಎಳವೆಯಿಂದಲೂ ಪರಿಚಿತವಾದುದು. ತುಂಗೆಯು ಶಿವಮೊಗ್ಗ ನಗರವನ್ನೂ ಭದ್ರೆಯು ಭದ್ರಾವತಿಯನ್ನೂ ಹಾದು ಕೂಡಲಿಯಲ್ಲಿ ಸಂಗಮಿಸುತ್ತವೆ. ಅಲ್ಲಿಂದ ಮುಂದೆ ತುಂಗಭದ್ರೆಯೆನಿಸಿ ಹೊನ್ನಾಳಿ, ಹರಿಹರಗಳತ್ತ ಸಾಗುತ್ತವೆ. ಮೇಲಿನ ಊರು ಹೊಳೆಗೆ ಬಿಟ್ಟದ್ದು ಕೆಳಗಿನ ಊರಿನ ಕೊಡವನ್ನು ಸೇರುತ್ತದೆ. ಆದುದರಿಂದ ಜನಾರೋಗ್ಯವನ್ನು ಗಾದೆಯೊಂದೇ ಕಾಯಲಾರದು, ಶಾಸನವೂ ಬೇಕು. ಅಂತಹ ಶಾಸನವನ್ನು ಯೋಜಿಸುವ ಮತ್ತು ರಚಿಸುವ ಕ್ರಮವನ್ನು 1974ರ ಜಲಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮದ ನಿದರ್ಶನದಿಂದ ಇಲ್ಲಿ ವಿವೇಚಿಸಲಾಗಿದೆ.

ಶಾಸನಕ್ಕೆ ಮೊದಲು ಅಗತ್ಯವು ನಿಶ್ಚಿತವಾಗಬೇಕು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆಯನ್ನು ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪಿತವಾಯಿತು. ಸಾವಿರಾರು ಕುಟುಂಬಗಳಿಗೆ ಅನ್ನವಿತ್ತ ಇಂತಹ ಉದ್ಯಮಗಳು ನಾಡಿನ ನಾನಾ ನದೀತೀರಗಳಲ್ಲಿ ಬೆಳೆದವು. ಅವುಗಳೊಡನೆ ನಗರಗಳೂ ಬೆಳೆದವು. ಸಂವಿಧಾನದ 47ನೆಯ ಅನುಚ್ಛೇದವು ಜನಾರೋಗ್ಯದ ಸುಧಾರಣೆಯನ್ನು ರಾಜ್ಯದ ಕರ್ತವ್ಯವೆಂದು ವಿಧಿಸಿದೆ. ದುಡಿಮೆಯೂ ನಿಲ್ಲಬಾರದು, ನೀರೂ ಕೆಡಬಾರದು ಎಂಬ ಎರಡು ಹಿತಗಳ ಸಮನ್ವಯವೇ ಶಾಸನಕಾರರ ಮುಂದಿದ್ದ ಸಮಸ್ಯೆ.

ಈ ಕಾರ್ಯಕ್ಕಾಗಿ 1962ರಲ್ಲಿ ಕರಡು ಸಿದ್ಧಪಡಿಸಲು ಸಮಿತಿಯೊಂದು ನೇಮಕವಾಯಿತು. ಅದರ ವರದಿಯನ್ನು ರಾಜ್ಯಗಳಿಗೆ ಕಳುಹಿಸಿ, 1963 ಮತ್ತು 1965ರಲ್ಲಿ ಕೇಂದ್ರ ಹಾಗೂ ರಾಜ್ಯಗಳ ಪ್ರತಿನಿಧಿಗಳ ಸಭೆಗಳಲ್ಲಿ ಚರ್ಚಿಸಲಾಯಿತು. ವಿಧೇಯಕವು ಸಂಸತ್ತಿನ ಅಂಗೀಕಾರ ಪಡೆದು, ರಾಷ್ಟ್ರಪತಿಗಳ ಅಂಕಿತವನ್ನು ಹೊಂದಿದ್ದು 1974ರ ಮಾರ್ಚ್ 23ರಂದು. ಹನ್ನೆರಡು ವರ್ಷಗಳು ಸಂದವು.

ಶಾಸನದ ರಚನೆಗೂ ವ್ಯಾಕರಣಶಾಸ್ತ್ರದ ರಚನೆಗೂ ಒಂದು ಸಾಮ್ಯವುಂಟು. ಶಾಸ್ತ್ರದಲ್ಲಿ ಅಧಿಕಾರ, ಸಂಜ್ಞೆ, ವಿಧಿ, ನಿಷೇಧಗಳೆಂಬ ಸೂತ್ರಭೇದಗಳಿರುವಂತೆ ಶಾಸನದಲ್ಲಿಯೂ ಇವುಗಳಿಗೆ ಸಮಾನವಾದ ಅಂಗಗಳಿವೆ.

ಮೊದಲನೆಯದು ಅಧಿಕಾರ. ಜಲವೂ ಜನಾರೋಗ್ಯವೂ ರಾಜ್ಯಪಟ್ಟಿಯ ವಿಷಯಗಳು. ಸಂಸತ್ತು ಅವುಗಳನ್ನು ಕುರಿತು ತಾನಾಗಿಯೇ ಶಾಸನ ಮಾಡುವಂತಿರಲಿಲ್ಲ. ಆದರೆ ನದಿಯು ರಾಜ್ಯದ ಗಡಿಯನ್ನು ಲೆಕ್ಕಿಸದು. ಎರಡು ಅಥವಾ ಹೆಚ್ಚು ರಾಜ್ಯಗಳ ಶಾಸನಸಭೆಗಳು ನಿರ್ಣಯ ಮಾಡಿದರೆ ಸಂಸತ್ತು ಶಾಸನ ಮಾಡಬಹುದೆಂದು 252ನೆಯ ಅನುಚ್ಛೇದವು ಹೇಳುತ್ತದೆ. ಅದರಂತೆ ನಿರ್ಣಯ ಕೈಗೊಂಡ ಹನ್ನೆರಡು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೀಗೆ ಒಪ್ಪಿಸಿದ ಮೇಲೆ ಅದರ ತಿದ್ದುಪಡಿಯೂ ಸಂಸತ್ತಿಗೇ ಸೇರಿದ್ದು. ಆದ ಕಾರಣ ಮೊದಲ ಕರಡಿನ ಪ್ರತಿಯೊಂದು ಶಬ್ದವೂ ತೂಕದ್ದಾಗಿರಬೇಕು.

ಎರಡನೆಯದು ಸಂಜ್ಞೆ, ಎಂದರೆ ಪರಿಭಾಷೆ. ‘ಹೊಳೆ’ ಎಂದರೆ ಯಾವುದು? ಹರಿಯುತ್ತಿರುವ ಜಲಮಾರ್ಗವಷ್ಟೇ ಅಲ್ಲ, ಸದ್ಯಕ್ಕೆ ಬತ್ತಿರುವುದೂ, ಭೂಗರ್ಭದ ಜಲವೂ ಅದರಲ್ಲಿ ಸೇರುತ್ತವೆಂದು ಅಧಿನಿಯಮವು ಹೇಳಿದೆ. ಈ ಮಾತಿಲ್ಲದಿದ್ದರೆ ಬೇಸಿಗೆಯಲ್ಲಿ ಒಣಗಿದ ಹಳ್ಳಕ್ಕೆ ಕೊಳೆ ಸುರಿದವನು ‘ಅದು ಹೊಳೆಯೇ ಅಲ್ಲ’ ಎಂದು ವಾದಿಸಬಹುದಾಗಿತ್ತು; ಮೊದಲ ಮಳೆಗೆ ಆ ಕೊಳೆಯೆಲ್ಲವೂ ನದಿಯನ್ನು ಸೇರುತ್ತಿತ್ತು. ಹಾಗೆಯೇ ‘ಮಾಲಿನ್ಯ’ದ ಲಕ್ಷಣದಲ್ಲಿ ಜನಾರೋಗ್ಯಕ್ಕೆ ಹಾನಿ ಮಾಡುವುದರ ಜೊತೆಗೆ ಹಾನಿಯ ಸಂಭವವಿರುವುದನ್ನೂ ಸೇರಿಸಲಾಗಿದೆ. ರೋಗ ಬಂದ ಮೇಲೆ ಸಾಕ್ಷ್ಯ ಹುಡುಕುವ ಬದಲು, ಬರುವ ಮೊದಲೇ ತಡೆಯಲು ಆ ಒಂದು ಪದವು ದಾರಿ ಮಾಡಿತು.

ಮೂರನೆಯದು ವಿಧಿನಿಷೇಧ. 24ನೆಯ ಪ್ರಕರಣವು ಮಲಿನ ವಸ್ತುಗಳನ್ನು ಹೊಳೆಗೂ ಬಾವಿಗೂ ಬಿಡುವುದನ್ನು ನಿಷೇಧಿಸುತ್ತದೆ. 25ನೆಯದು ಕೊಳೆನೀರನ್ನು ಬಿಡುವ ಮೊದಲು ಮಂಡಳಿಯ ಸಮ್ಮತಿ ಪಡೆಯಬೇಕೆಂದು ವಿಧಿಸುತ್ತದೆ. ಕಾರ್ಖಾನೆಯ ತ್ಯಾಜ್ಯದೊಂದಿಗೆ ಊರಿನ ಚರಂಡಿಯ ನೀರನ್ನೂ ಹೆಸರಿಸಿರುವುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಭದ್ರಾವತಿಯ ಕಾರ್ಖಾನೆಯತ್ತ ಬೆರಳು ತೋರುವ ನಗರವಾಸಿಯ ಮನೆಯ ಬಚ್ಚಲೂ ಈ ಶಾಸನದ ವ್ಯಾಪ್ತಿಯಲ್ಲಿದೆ.

ನಿಷೇಧವನ್ನು ಬರೆದ ಮಾತ್ರಕ್ಕೆ ಕಾರ್ಯ ಮುಗಿಯದು. ಅದನ್ನು ನಡೆಸುವ ಕೈ, ದ್ರವ್ಯ, ಪ್ರಮಾಣಗಳು ಬೇಕು. ಕರ್ನಾಟಕದಲ್ಲಿ ಮಂಡಳಿಯು 1974ರಲ್ಲಿಯೇ ರಚಿತವಾಯಿತು. ದ್ರವ್ಯಕ್ಕಾಗಿ 1977ರಲ್ಲಿ ಜಲಕರದ ಪ್ರತ್ಯೇಕ ಅಧಿನಿಯಮ ಬಂದಿತು. ಅದು 2017ರಲ್ಲಿ ರದ್ದಾಯಿತು. ಪ್ರಮಾಣದ ವಿಷಯದಲ್ಲಿ, ತೆಗೆದ ನೀರಿನ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಉಭಯ ಪಕ್ಷದವರೂ ಸಹಿ ಮಾಡಬೇಕೆಂಬ ಕ್ರಮವಿದೆ. ಆಪಾದಿತನಿಗೂ ನ್ಯಾಯ ದೊರೆಯಬೇಕೆಂಬುದೇ ಇದರ ಆಶಯ.

ಇಷ್ಟಾದರೂ ಮೂಲ ಶಾಸನದಲ್ಲಿ ಒಂದು ಕೊರತೆ ಉಳಿದಿತ್ತು. ನ್ಯಾಯಾಲಯಕ್ಕೆ ದೂರು ಕೊಡುವ ಅಧಿಕಾರವು ಮಂಡಳಿಗೆ, ಇಲ್ಲವೆ ಅದರ ಲಿಖಿತ ಪೂರ್ವಾನುಮತಿ ಪಡೆದವರಿಗೆ ಮಾತ್ರ ಇತ್ತು. ಆ ನೀರನ್ನೇ ಕುಡಿಯುವವನಿಗೆ ತಾನಾಗಿಯೇ ದೂರು ಕೊಡುವ ಅಧಿಕಾರ ಇರಲಿಲ್ಲ. 1988ರ ತಿದ್ದುಪಡಿಯು, ಅರವತ್ತು ದಿನಗಳ ಮುನ್ಸೂಚನೆ ಕೊಟ್ಟ ಯಾವ ವ್ಯಕ್ತಿಯೇ ಆಗಲಿ ದೂರು ಸಲ್ಲಿಸಬಹುದೆಂದು ಅವಕಾಶವಿತ್ತಿತು. ಕರಡನ್ನು ಬರೆಯುವಾಗ ಕೆಳದಂಡೆಯ ಮನುಷ್ಯನನ್ನು ನೆನೆಯದಿದ್ದುದನ್ನು ಸರಿಪಡಿಸಲು ಹದಿನಾಲ್ಕು ವರ್ಷಗಳು ಬೇಕಾದವು.

ಶರಣರು ಕಾಯಕವನ್ನು ಹೊಗಳಿದರು. ಅದರ ಫಲವು ದಾಸೋಹವಾಗಿ ಸಮಾಜಕ್ಕೆ ಸಲ್ಲಬೇಕೆಂದೂ ಸಾರಿದರು. ಊರಿನ ಕಾಯಕವು ಕೆಳಗಿನ ಊರಿಗೆ ವಿಷವಾಗಿ ಸಲ್ಲಬಾರದು. ಈ ಶಾಲೆಯಲ್ಲಿ ಓದಿದ ಬಾಲಕ ಬಾಲಕಿಯರಲ್ಲಿ ಮುಂದೆ ಕೆಲವರು ನಗರಸಭೆಯಲ್ಲಿ, ಕೆಲವರು ಶಾಸನಸಭೆಯಲ್ಲಿ ಕುಳಿತಾರು. ಜನಾರೋಗ್ಯದ ಕರಡೊಂದು ಕೈಗೆ ಬಂದಾಗ ಅವರು ಅಧಿಕಾರ ಯಾರದು, ಶಬ್ದದ ಅರ್ಥವೇನು, ಹೊಣೆ ಯಾರದು, ಹಣವೆಲ್ಲಿಯದು, ನೊಂದವನು ಯಾರ ಬಾಗಿಲು ತಟ್ಟಬೇಕು ಎಂಬ ಐದು ಪ್ರಶ್ನೆಗಳನ್ನು ಕೇಳಲಿ. ಉತ್ತರ ದೊರೆಯುವವರೆಗೆ ಅಂಗೀಕಾರದ ಕೈ ಎತ್ತದಿರಲಿ.