ಮೊದಲು ರೊಟ್ಟಿ, ಆಮೇಲೆ ಮಾತು

ವಾಚನ: ಮೊದಲನೆಯ ಅರಸುಗಳ ಗ್ರಂಥ 19:1–14



ಕಳ್ಳರು ಸರ ಕಿತ್ತುಕೊಂಡು ಹೋದ ಮರುದಿನ ಒಬ್ಬ ಅಜ್ಜಿಯ ಮನೆಗೆ ನಾವು ಯುವಜನರು ಜಪಸರಕ್ಕೆ ಹೋಗಿದ್ದೆವು. ಬಂದವರೆಲ್ಲ ಕೇಳಿದ್ದು ಒಂದೇ, "ಹೆಂಗಾಯ್ತಜ್ಜಿ?" ಆಕೆ ಪ್ರತಿ ಸಲವೂ ಮೊದಲಿನಿಂದ ಹೇಳಿದರು. ನಾಲ್ಕನೇ ಸಲಕ್ಕೆ ಕೈ ನಡುಗುತ್ತಿತ್ತು. "ಒಬ್ಬರೇ ಯಾಕೆ ಹೋದ್ರಿ?" ಎಂದು ಕೇಳಿದ್ದು ನಾನೇ. ಆ ರಾತ್ರಿ ಅವರು ಕಣ್ಣು ಮುಚ್ಚಲಿಲ್ಲವೆಂದು ಸೊಸೆ ಆಮೇಲೆ ಹೇಳಿದರು.

ಪ್ರವಾದಿ ಎಲೀಯನನ್ನು ಕೊಲ್ಲಿಸುವುದಾಗಿ ರಾಣಿ ಈಜೆಬೆಲ್ ಹೇಳಿಕಳಿಸಿದಾಗ ಆತ ಓಡಿದ. ಅಷ್ಟು ಧೈರ್ಯವಂತ ಗಿಡದ ಕೆಳಗೆ ಕುಳಿತು ಸಾವು ಬೇಡಿದ. ದೇವದೂತ ಬಂದು ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಬೇಸರಪಡದೆ ಎರಡನೇ ಸಲವೂ ಬಂದ. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳಿದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ನಾವು ಮರುದಿನವೇ ಕೇಳಿದ್ದೆವು.

ಬಿಎಸ್ಸಿಯಲ್ಲಿ ಓದಿದ್ದು ಇಲ್ಲಿ ನೆನಪಾಗುತ್ತದೆ. ಪ್ರಾಣಭಯವಾದಾಗ ಅಡ್ರಿನಾಲಿನ್ ಏರಿ ಕೆಲವರು ಓಡುತ್ತಾರೆ, ಕೆಲವರು ಎದುರಿಸುತ್ತಾರೆ, ಕೆಲವರ ಮೈ ಮರಗಟ್ಟುತ್ತದೆ. ಕಿರುಚಲಿಲ್ಲ ಏಕೆ ಎಂದು ಕೇಳಬೇಡಿ, ಅದು ಅವರ ಕೈಯಲ್ಲಿರಲಿಲ್ಲ. ನೆನಪೂ ತುಂಡುತುಂಡಾಗಿ ಉಳಿಯಬಹುದು: ಬೈಕಿನ ಸದ್ದು ನೆನಪಿದೆ, ಬಣ್ಣ ನೆನಪಿಲ್ಲ. ಮಾತು ಹಿಂದುಮುಂದಾದರೆ ಸುಳ್ಳು ಅಂದುಕೊಳ್ಳಬಾರದು.

ಇನ್ನು ಮುಂದೆ ಇಂಥ ಮನೆಗೆ ಇಬ್ಬರೇ ಹೋಗೋಣ, ಬರಬಹುದೇ ಎಂದು ಮೊದಲೇ ಕೇಳಿ. ಊಟ ಒಯ್ಯೋಣ. ಅವರಾಗಿ ಹೇಳಿದರೆ ಕೇಳಿಸಿಕೊಳ್ಳೋಣ. "ಕ್ಷಮಿಸಿಬಿಡಿ" ಎಂದು ಅವಸರಪಡಿಸುವುದು ಬೇಡ. ಕ್ಷಮೆ ದೇವರ ಕೃಪೆಯಿಂದ ಅದರ ಕಾಲಕ್ಕೆ ಬರುತ್ತದೆ, ಕ್ಷಮಿಸಿದವರು ದೂರು ಹಿಂತೆಗೆದುಕೊಳ್ಳಬೇಕೆಂದೂ ಇಲ್ಲ.

ಠಾಣೆಗೆ ಹೋಗುವಾಗ ತೆಲುಗು ಚೆನ್ನಾಗಿ ಬರುವ ಒಬ್ಬರು ಜೊತೆಗಿರಲಿ. ಹೆದರಿದವರಿಗೆ ತಾಯಿನುಡಿಯೇ ಸರಿಯಾಗಿ ಬಾಯಿಗೆ ಬರುವುದಿಲ್ಲ. ಬರೆದುಕೊಂಡ ದೂರನ್ನು ಓದಿ ಹೇಳಬೇಕು, ಎಫ್‌ಐಆರ್ ಪ್ರತಿ ಉಚಿತವಾಗಿ ಕೊಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಗಡಿಯವರಾದ ನಮಗೆ ಇದು ಮುಖ್ಯ: ಗೌರಿಬಿದನೂರಿನಲ್ಲಿ ನಡೆದದ್ದಕ್ಕೆ ಹಿಂದೂಪುರದಲ್ಲಿ, ಪಾವಗಡದಲ್ಲಿ ನಡೆದದ್ದಕ್ಕೆ ಕಲ್ಯಾಣದುರ್ಗದಲ್ಲಿ ದೂರು ಕೊಡಬಹುದು. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿಯಾಗಲಿ ಖಾಸಗಿಯಾಗಲಿ ಆಸ್ಪತ್ರೆ ಪ್ರಥಮ ಚಿಕಿತ್ಸೆಯನ್ನು ಉಚಿತವಾಗಿ ಕೊಡಲೇಬೇಕು. ಅವರ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವರು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬೇಕು.

ಅಂಥವರ ಹೆಸರು ಪ್ರಕಟಿಸುವುದು ಅಪರಾಧ. ಪ್ರಾರ್ಥನೆಗೆಂದು ವಾಟ್ಸಾಪ್ ಗುಂಪಿನಲ್ಲೂ ಹಾಕಬೇಡಿ, ದೇವರಿಗೆ ಹೆಸರು ಗೊತ್ತಿದೆ.

ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆಯೆಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಧರ್ಮಕೇಂದ್ರದ ಕಚೇರಿಯಲ್ಲಿ ಹಿರಿಯರು ಕೂತು ರಾಜಿ ಮಾಡಿಸುವ ವಿಷಯ ಅದಲ್ಲ, ತಪ್ಪು ಮಾಡಿದವರು ಯಾರೇ ಆಗಿರಲಿ. ಮಗುವನ್ನು ನಾವು ವಿಚಾರಣೆ ಮಾಡುವುದೂ ಬೇಡ.

ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ವಾರಗಳಾದರೂ ನಿದ್ದೆ ಬಾರದಿದ್ದರೆ, ಬದುಕು ಬೇಡವೆನಿಸಿದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಉಚಿತ. ಕನ್ನಡದಲ್ಲೂ ಮಾತಾಡಬಹುದು.

ಮುಂದಿನ ಸಭೆಯ ಚರ್ಚೆಗೆ: ನಿಮಗೆ ಕಷ್ಟ ಬಂದಾಗ ಯಾರ ಭೇಟಿ ಹಗುರವೆನಿಸಿತು? ಅವರು ಎಷ್ಟು ಮಾತಾಡಿದ್ದರು?