ನಿಯಮ ರದ್ದಾಗುವ ಮುನ್ನ ಆಕ್ಷೇಪಣೆ ಸಲ್ಲಿಸುವುದು ಹೀಗೆ

ರಾಜ್ಯ ಸರ್ಕಾರ 2021ರಲ್ಲಿ ತಂದ ಎಲೆಕ್ಟ್ರಿಕ್ ಬೈಕ್ ಟ್ಯಾಕ್ಸಿ ಯೋಜನೆಯನ್ನು 2024ರ ಮಾರ್ಚ್‌ನಲ್ಲಿ ಹಿಂಪಡೆಯಿತು. ವಿಜಯನಗರ ಮೆಟ್ರೊ ನಿಲ್ದಾಣದೆದುರು ಬಾಡಿಗೆಗೆ ಕಾಯುವ ಸವಾರನಿಗೆ ಇಂಥ ಸುದ್ದಿ ಸಿಗುವುದು ವಾಟ್ಸ್‌ಆ್ಯಪ್‌ನಲ್ಲಿ, ಅದೂ ಆದೇಶ ಹೊರಬಿದ್ದ ಮೇಲೆ. ಮುಂಚೆಯೇ ತಿಳಿಯುವ ದಾರಿ ಕೆಲವು ನಿಯಮಗಳಿಗಾದರೂ ಇದೆ.

ಮೊದಲು ನೋಡಬೇಕಾದದ್ದು ಮೂಲ ಕಾಯ್ದೆ. ನಿಯಮ ಮಾಡುವ ಮುನ್ನ ಕರಡು ಪ್ರಕಟಿಸಬೇಕೆಂದು ಅದರಲ್ಲಿದ್ದರೆ, ಆ ನಿಯಮ ತೆಗೆಯಲೂ ಅದೇ ಕ್ರಮ. 1897ರ ಕೇಂದ್ರ ಜನರಲ್ ಕ್ಲಾಸಸ್ ಕಾಯ್ದೆಯ 21ನೇ ಸೆಕ್ಷನ್ ಹೇಳುವುದು ಇದನ್ನೇ. ರಾಜ್ಯದ ಕಾಯ್ದೆಗಳಿಗೆ 1899ರ ಕರ್ನಾಟಕದ್ದೇ ಆದ ಕಾಯ್ದೆಯಿದೆ. ಎಲ್ಲ ಆದೇಶಗಳಿಗೂ ಕರಡಿನ ಭಾಗ್ಯವಿಲ್ಲ ಎನ್ನುವುದೂ ನೆನಪಿರಲಿ.

ಕರಡು ಬರುವುದು ಕರ್ನಾಟಕ ರಾಜ್ಯಪತ್ರದಲ್ಲಿ. ವಾರದ ಸಂಚಿಕೆ ಗುರುವಾರದ್ದು. ತುರ್ತಿನವು ವಿಶೇಷ ಸಂಚಿಕೆಯಲ್ಲಿ ಯಾವ ದಿನವಾದರೂ ಬರಬಹುದು. ಎರಡೂ ಆನ್‌ಲೈನ್‌ನಲ್ಲಿ ಸಿಗುತ್ತವೆ. ‘ರದ್ದು’ ಎಂದು ಹುಡುಕಿದರೆ ಸಾಲದು. ಹಳೆಯ ನಿಯಮದ ಮರಣಪತ್ರ ಬಹಳ ಸಲ ಹೊಸ ನಿಯಮದ ಕೊನೆಯ ಪುಟದಲ್ಲಿ ‘ನಿರಸನ ಮತ್ತು ಉಳಿಸುವಿಕೆ’ ಎಂಬ ತಲೆಬರಹದಡಿ ಅಡಗಿರುತ್ತದೆ. ಕಡತವನ್ನು ಹಿಂದಿನಿಂದ ಓದುವುದೇ ಜಾಣತನ.

ಆ ಭಾಗದಲ್ಲಿ ‘ಉಳಿಸುವಿಕೆ’ಯ ಸಾಲು ಇದೆಯೇ? ರಾಜಾಜಿನಗರ ಕೈಗಾರಿಕಾ ಪ್ರದೇಶದ ವರ್ಕ್‌ಶಾಪ್ ಮಾಲೀಕರೊಬ್ಬರ ಲೈಸೆನ್ಸು ಹಳೆಯ ನಿಯಮದಡಿ ಸಿಕ್ಕಿದ್ದರೆ ಅದರ ಗತಿ ಈ ಸಾಲಿನ ಮೇಲೆ ನಿಂತಿದೆ. ಕಾಯ್ದೆ ರದ್ದಾದರೆ ಹಿಂದಿನ ಹಕ್ಕು, ಬಾಕಿ ಪ್ರಕರಣಗಳಿಗೆ ಜನರಲ್ ಕ್ಲಾಸಸ್ ಕಾಯ್ದೆಯ ರಕ್ಷಣೆಯುಂಟು. ಬರೀ ನಿಯಮ ಹೋದರೆ ಆ ರಕ್ಷಣೆ ತಾನಾಗಿ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2000ರಲ್ಲಿ, ಕೊಲ್ಹಾಪುರ ಕೇನ್‌ಶುಗರ್ ಪ್ರಕರಣದಲ್ಲಿ ಹೇಳಿದೆ. ಸಾಲು ಕಾಣದಿದ್ದರೆ ಆಕ್ಷೇಪಣೆಯ ಮೊದಲ ಅಂಶ ಅದೇ ಆಗಲಿ.

ಗಡುವು ಕರಡಿನಲ್ಲೇ ಇರುತ್ತದೆ. ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳನ್ನು ತರುವ ಕರಡು ಹೊರಬಿದ್ದದ್ದು 2025ರ ಜುಲೈ 19ರಂದು. ಆಕ್ಷೇಪಣೆಗೆ 30 ದಿನ. ಸೆಪ್ಟೆಂಬರ್ 2ಕ್ಕೆ ಅಂತಿಮ ಅಧಿಸೂಚನೆಯೇ ಬಂತು. ರಾಜಾಜಿನಗರ, ವಿಜಯನಗರ ಪಶ್ಚಿಮ ಪಾಲಿಕೆಗೆ ಸೇರಿದವು. ತಡಮಾಡುವವರಿಗೆ ಇಲ್ಲಿ ಜಾಗವಿಲ್ಲ: ಅಂತಿಮವಾಗಿ ರಾಜ್ಯಪತ್ರದಲ್ಲಿ ಅಚ್ಚಾದ ಮೇಲೆ ‘ಕ್ರಮ ಪಾಲಿಸಿಲ್ಲ’ ಎಂದು ವಾದಿಸುವುದು ಕಷ್ಟ.

ಆಕ್ಷೇಪಣೆ ಒಂದು ಪುಟ ಸಾಕು. ಅಧಿಸೂಚನೆಯ ಸಂಖ್ಯೆ, ದಿನಾಂಕ, ಯಾವ ನಿಯಮ, ಅದು ಹೋದರೆ ಯಾರಿಗೆ ಏನು ತೊಂದರೆ, ಬದಲಿಗೆ ಏನಿರಬೇಕು. ಕರಡಿನಲ್ಲಿ ಸೂಚಿಸಿದ ಅಧಿಕಾರಿಯ ವಿಳಾಸಕ್ಕೇ ಹೋಗಬೇಕು. ಕಚೇರಿಯ ಟಪಾಲು ವಿಭಾಗದಲ್ಲಿ ಕೊಡುವವರು ಎರಡನೇ ಪ್ರತಿಯ ಮೇಲೆ ದಿನಾಂಕದ ಮೊಹರು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬಾರದು. ಗಡುವಿನೊಳಗೆ ಬಂದದ್ದನ್ನು ಸರ್ಕಾರ ಪರಿಶೀಲಿಸಲೇಬೇಕು, ಒಪ್ಪಲೇಬೇಕೆಂದೇನಿಲ್ಲ.

ಪ್ರಕಟವೇ ಆಗದ ಆದೇಶದ ಹೆಸರಿನಲ್ಲಿ ಯಾರಾದರೂ ದಂಡ ಕೇಳಿದರೆ ಅಧಿಸೂಚನೆಯ ಪ್ರತಿ ಕೇಳಬಹುದು. ಜೈಪುರ ಸಂಸ್ಥಾನ 1923ರಲ್ಲಿ ಮಾಡಿದ ಅಫೀಮು ಕಾನೂನು ಜನರಿಗೆ ಪ್ರಕಟವೇ ಆಗಿರಲಿಲ್ಲವೆಂದು ಸುಪ್ರೀಂ ಕೋರ್ಟ್ 1951ರಲ್ಲಿ ಹರ್ಲಾ ಎಂಬಾತನ ಶಿಕ್ಷೆಯನ್ನು ತಳ್ಳಿಹಾಕಿತ್ತು.

ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನ ಅರ್ಜಿ: ಶುಲ್ಕ 10 ರೂಪಾಯಿ, ವಿಷಯ ಒಂದೇ, ಸುಮಾರು 150 ಪದ. ಅಧಿಸೂಚನೆಯ ಜೊತೆಗೆ, ಕರಡಿಗೆ ಬಂದ ಆಕ್ಷೇಪಣೆಗಳನ್ನೂ ಅವುಗಳ ಮೇಲಿನ ಕಚೇರಿ ಟಿಪ್ಪಣಿಯನ್ನೂ ಕೇಳಬಹುದು. ಉತ್ತರಕ್ಕೆ 30 ದಿನ; ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲ್ಮನವಿ ಅಧಿಕಾರಿಗೆ ಬರೆಯಬೇಕು.